ಚಿಕ್ಕಪ್ಪ ಎರಡು ಸಲ ಸತ್ತ ಭಾನುವಾರ

ಕಳೆದ ಭಾನುವಾರ ಸಂಜೆ ನಮ್ಮ ಚಿಕ್ಕಪ್ಪ ಎರಡು ಸಲ ಸತ್ತರು. ಮೊದಲನೇ ಸಲ ಸಾಯುವಾಗ ನನ್ನ ಪಕ್ಕದಲ್ಲೇ ಕೂತು ಕೋಡುಬಳೆ ತಿನ್ನುತ್ತಿದ್ದರು.

ಗಾಬರಿಯಾಗಬೇಡಿ. ಸತ್ತಿದ್ದು ಟೀವಿಯಲ್ಲಿ.

ನಿಮಗೆ ಗೊತ್ತಲ್ಲ, ನಾನು ಸೀರಿಯಲ್ ನೋಡುವವಳಲ್ಲ. ಅದರಲ್ಲೂ ಐತಿಹಾಸಿಕ ಸೀರಿಯಲ್ ಎಂದರೆ ರಿಮೋಟ್ ಹುಡುಕುತ್ತೇನೆ. ಎರಡು ಸಾವಿರ ವರ್ಷಗಳ ಹಿಂದಿನ ಮಗಧದಲ್ಲಿ ಎಲ್ಲರ ಪಂಚೆಗೂ ಇಸ್ತ್ರಿ ಆಗಿರುತ್ತದೆ. ರಾಣಿಯರೆಲ್ಲ ಈಗಷ್ಟೇ ಪಾರ್ಲರಿನಿಂದ ಎದ್ದು ಬಂದ ಹಾಗಿರುತ್ತಾರೆ. ಮಂತ್ರಿ ಒಂದು ಮಾತಾಡಿದರೆ ಸಾಕು, ಆಸ್ಥಾನದಲ್ಲಿರುವ ಅಷ್ಟೂ ಮುಖಗಳನ್ನು ಮೂರು ಮೂರು ಸಲ ತೋರಿಸುತ್ತಾರೆ. (ಅಷ್ಟರಲ್ಲಿ ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಬರಬಹುದು.)

ಮೊನ್ನೆ ಮಾತ್ರ ನಾನು ಹಾಸನದಿಂದ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದ್ದೇ ಸೀರಿಯಲ್ ನೋಡುವುದಕ್ಕೆ. ಬೆಳಿಗ್ಗೆಯಿಂದ ಚಿಕ್ಕಪ್ಪನ ನಾಲ್ಕು ಫೋನು ಬಂದಿತ್ತು.

ವಿಷಯ ಇಷ್ಟೇ. ಮೂರು ತಿಂಗಳ ಹಿಂದೆ ನುಗ್ಗೇಹಳ್ಳಿ ಕಡೆಯ ಒಣಗಿದ ಕೆರೆಯಂಗಳದಲ್ಲಿ ಕಳಿಂಗ ಯುದ್ಧ ನಡೆಯಿತು. ಅಂದರೆ ಅದರ ಶೂಟಿಂಗು. ಸೈನಿಕರು ಬೇಕಾಗಿತ್ತು. ಚಿಕ್ಕಪ್ಪ ನಂಜಪ್ಪ ರಿಟೈರ್ಡ್ ಬಸ್ ಡ್ರೈವರು, ಊರ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡಿದವರು. ಬಿಡುತ್ತಾರೆಯೇ? ಬೆಳಿಗ್ಗೆ ಉಪ್ಪಿಟ್ಟು ತಿಂದು ಹಳದಿ ರುಮಾಲು ಸುತ್ತಿಸಿಕೊಂಡು ಮಗಧದ ಕಡೆ ಸತ್ತರಂತೆ. ಮಧ್ಯಾಹ್ನ ಚಿತ್ರಾನ್ನ ತಿಂದು ಕೆಂಪು ರುಮಾಲು ಸುತ್ತಿಸಿಕೊಂಡು ಕಳಿಂಗದ ಕಡೆ ಸತ್ತರಂತೆ. ಜನ ಸಾಲದೆ ಎಲ್ಲರೂ ಎರಡೂ ಕಡೆ ಸಾಯಬೇಕಾಗಿ ಬಂತು ಎಂದು ವಿವರಿಸಿದರು.

ಅವತ್ತು ಮೈಗೆಲ್ಲ ಕೆಂಪು ಬಣ್ಣ ಮಾಡಿಕೊಂಡು ಮನೆಗೆ ಬಂದರೆ, ಜಯಮ್ಮ ಚಿಕ್ಕಮ್ಮ ಹೊಸ್ತಿಲು ದಾಟಲು ಬಿಡಲಿಲ್ಲ. ಸಾವಿಗೆ ಹೋಗಿ ಬಂದವರು ಸ್ನಾನ ಮಾಡಿ ತಾನೇ ಒಳಗೆ ಬರುವುದು? ತನ್ನ ಸಾವಿಗೆ ತಾನೇ ಹೋಗಿ ಬಂದ ಚಿಕ್ಕಪ್ಪ ಹಿತ್ತಲ ಬಚ್ಚಲಲ್ಲಿ ತಲೆಗೆ ನೀರು ಹಾಕಿಸಿಕೊಂಡು ಒಳಗೆ ಬಂದರು.

ನಮಗೆಲ್ಲ ಇದು ನಗುವ ವಿಷಯ. ಚಿಕ್ಕಮ್ಮನಿಗೆ ಅಲ್ಲ.

ಹೋದ ವರ್ಷ ಚಿಕ್ಕಪ್ಪನ ಎದೆಗೆ ಸ್ಟೆಂಟ್ ಹಾಕಿದರು. ಎರಡು ದಿನ ಐಸಿಯುನಲ್ಲಿದ್ದರು. ಬಾಗಿಲಿನ ಅಂಗೈಯಗಲದ ಗಾಜಿನಲ್ಲಿ ಚಿಕ್ಕಮ್ಮನಿಗೆ ಕಾಣುತ್ತಿದ್ದದ್ದು ಬಿಳಿ ಹೊದಿಕೆಯ ಆಚೆಗೆ ಚಾಚಿದ ಎರಡು ಪಾದ ಮಾತ್ರ. ಕೂರು ಎಂದರೆ ಕೂರಲಿಲ್ಲ, ಕಾಫಿ ಎಂದರೆ ಬೇಡ ಎಂದರು. ಆ ಪಾದಗಳನ್ನೇ ನೋಡಿಕೊಂಡು ನಿಂತಿದ್ದರು. ಅಂಥವರಿಗೆ ಗಂಡ ಸಾಯುವುದನ್ನು ನೋಡು ಬಾ ಎಂದು ಸೋಫಾ ಮೇಲೆ ಜಾಗ ಬಿಟ್ಟರೆ?

ಬರುವುದಿಲ್ಲ ಎಂದುಬಿಟ್ಟರು. ಕೋಡುಬಳೆ ತಟ್ಟೆ ತಂದು ನಮ್ಮ ಮುಂದಿಟ್ಟು ಅಡುಗೆಮನೆ ಸೇರಿಕೊಂಡರು. ನಾನು ಹಿಂದೆಯೇ ಹೋಗಿ ಪುಸಲಾಯಿಸಿದೆ. ಊರ ನಾಟಕದಲ್ಲಿ ಎಷ್ಟು ಸಲ ಸತ್ತಿಲ್ಲ ಅವರು? ನೀವೇ ಮುಂದಿನ ಸಾಲಿನಲ್ಲಿ ಕೂತು ನೋಡಿಲ್ಲವೇ? ಚಿಕ್ಕಪ್ಪ ಬಿದ್ದ ಕೂಡಲೇ ಜನ ಒನ್ಸ್ ಮೋರ್ ಎಂದು ಕೂಗುತ್ತಿದ್ದರು. ಸತ್ತವರು ಎದ್ದು, ಧೂಳು ಕೊಡವಿಕೊಂಡು, ಇನ್ನೊಮ್ಮೆ ಹಾಡು ಹೇಳಿ, ಮತ್ತೆ ಸಾಯುತ್ತಿದ್ದರು. (ಹಾರ್ಮೋನಿಯಂ ಮಾಸ್ತರರಿಗೆ ನಿದ್ದೆ ಬರುವ ತನಕ ಇದು ನಡೆಯುತ್ತಿತ್ತು.)

ಚಿಕ್ಕಮ್ಮ ಬಾಣಲೆಯಿಂದ ತಲೆ ಎತ್ತಲಿಲ್ಲ. "ನಾಟಕ್ದಲ್ಲಿ ಸತ್ತೋರು ಎದ್ದು ಬತ್ತಾರೆ ಕಣವ್ವ. ಟೀವಿಲಿ ಸತ್ತೋರ್ನ ಅಂಗೇ ಬುಟ್ಬುಟ್ಟು ಸೋಪಿನ ಜಾಹೀರಾತು ಆಕ್ತಾರೆ" ಎಂದರು.

ನಾನು ಹೊರಗೆ ಬಂದು ಕೂತೆ.

ಯುದ್ಧ ಶುರುವಾಯಿತು. ಕಳಿಂಗದ ಹಿಂದೆ ಸಾಲು ತೆಂಗಿನ ತೋಟ. ಅದು ಯಾರ ತೋಟ, ಬೋರು ಎಷ್ಟು ಅಡಿ ಎಂದೆಲ್ಲ ಚಿಕ್ಕಪ್ಪ ಕಾಮೆಂಟ್ರಿ ಕೊಡುತ್ತಿದ್ದರು. ಅಷ್ಟರಲ್ಲಿ ಹಳದಿ ರುಮಾಲಿನ ಚಿಕ್ಕಪ್ಪ ಪರದೆಯ ಮೇಲೆ ಓಡಿ ಬಂದರು, ಎದೆಗೆ ಬಾಣ ತಾಗಿಸಿಕೊಂಡರು, ಬಿದ್ದರು. ಮೂರೇ ಸೆಕೆಂಡು, ಮುಖ ಮಾತ್ರ ಸ್ಪಷ್ಟವಾಗಿ ಕಂಡಿತು. ನಾನು ಚಪ್ಪಾಳೆ ಹೊಡೆದೆ. ಚಿಕ್ಕಪ್ಪ ಅಡುಗೆಮನೆ ಕಡೆ ನೋಡಿದರು. ಅಲ್ಲಿಂದ ಸೌಟಿನ ಸದ್ದು ಬಿಟ್ಟರೆ ಏನೂ ಬರಲಿಲ್ಲ.

ಅವರ ಮುಖ ಸಣ್ಣಗಾಯಿತು. "ಅಷ್ಟ್ ವರ್ಷ ಬಸ್ ಓಡ್ಸಿವ್ನಿ ಕಣವ್ವ. ಜನ ನನ್ ಬೆನ್ನು ಬುಟ್ರೆ ಏನೂ ನೋಡ್ನಿಲ್ಲ. ಈಗ ನೋಡೋ ಕಾಲ ಬಂದ್ರೆ ನಿಮ್ ಚಿಕ್ಕಮ್ಮ ಇಂಗೆ" ಎಂದು ಮೆಲ್ಲಗೆ ಹೇಳಿದರು. ನನಗೆ ಪಾಪ ಅನ್ನಿಸಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಯುದ್ಧ ಮುಗಿಯಿತು. ಚಕ್ರವರ್ತಿ ಹೆಣಗಳ ನಡುವೆ ನಡೆದು ಬಂದ. ಸ್ಲೋ ಮೋಷನ್ನು, ಹಿಂದೆ ಆಲಾಪ. ಚಿಕ್ಕಪ್ಪ ಕೋಡುಬಳೆ ಕೆಳಗಿಟ್ಟರು. ಎದ್ದು ಅಡುಗೆಮನೆ ಬಾಗಿಲಿಗೆ ಹೋದರು.

"ಜಯಾ, ಮಕ ನೋಡ್ಬ್ಯಾಡ. ಕಾಲು ನೋಡು. ಕಾಲು ಮಾತ್ರ."

ಅವರು ಬೇಡುವ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಕಣ್ಣು ಅರ್ಧ ಮುಚ್ಚಿಕೊಂಡಿದ್ದರು.

ಪರದೆಯ ಮೂಲೆಯಲ್ಲಿ, ಕ್ಯಾಮೆರಾಗೆ ತೀರಾ ಹತ್ತಿರ, ಮಣ್ಣು ಮೆತ್ತಿದ ಎರಡು ಪಾದ. ಸತ್ತ ಕಳಿಂಗದ ಸೈನಿಕನ ಪಾದ. ಬಲಗಾಲಿನ ಹೆಬ್ಬೆರಳು ಮಡಚಿತು, ನೆಟ್ಟಗಾಯಿತು. ಇನ್ನೊಂದು ಸಲ ಮಡಚಿತು. ಆಮೇಲೆ ಕ್ಯಾಮೆರಾ ಚಕ್ರವರ್ತಿಯ ಕಣ್ಣೀರಿಗೆ ಹೊರಟುಹೋಯಿತು.

ನಾನು ಜೋರಾಗಿ ನಕ್ಕುಬಿಟ್ಟೆ. ಅಷ್ಟು ದೊಡ್ಡ ಯೂನಿಟ್ಟು, ಅಷ್ಟು ಕ್ಯಾಮೆರಾ, ಹೆಣದ ಬೆರಳು ಅಲ್ಲಾಡಿದ್ದು ಒಬ್ಬರಿಗಾದರೂ ಕಾಣಬಾರದೇ? ತಿರುಗಿ ನೋಡಿದರೆ ಚಿಕ್ಕಮ್ಮ ಅಳುತ್ತಿದ್ದರು.

"ಆಸ್ಪತ್ರೇಲೂ ಇಂಗೇ ಮಾಡಿದ್ರು ಕಣವ್ವ. ಗಾಜಲ್ಲಿ ನೋಡ್ತಾ ನಿಂತಿದ್ನಲ್ಲ, ಎಲ್ಡನೇ ದಿನ ಇದೇ ಬೆರಳು ಅಲ್ಲಾಡ್ತು. ಬದುಕವ್ರೆ ಅಂತ ನಂಗೆ ಗೊತ್ತಾಗಿದ್ದು ಆಗ್ಲೇ. ಡಾಕ್ಟ್ರು ಯೋಳಿದ್ದು ಆಮೇಕೆ."

ಎರಡು ದಿನ ಅದೇ ಆಸ್ಪತ್ರೆಯಲ್ಲಿ ನಾನೂ ಇದ್ದೆ. ಚಿಕ್ಕಪ್ಪನಿಗೆ ಅವರು ಹೇಳಿದ್ದಿರಬೇಕು, ನನಗೆ ಇದು ಗೊತ್ತೇ ಇರಲಿಲ್ಲ.

ಚಿಕ್ಕಪ್ಪ ಮಾತ್ರ ಏನೂ ಆಗದವರಂತೆ ಮತ್ತೆ ಕೋಡುಬಳೆ ಎತ್ತಿಕೊಂಡರು. ಡೈರೆಕ್ಟರು ಉಸಿರು ಬಿಗಿಹಿಡಿಯಿರಿ ಅಂದರು, ಹಿಡಿದೆ. ಕಣ್ಣು ಮುಚ್ಚಿ ಅಂದರು, ಮುಚ್ಚಿದೆ. ಕಾಲಿನ ವಿಷಯ ಅವರೇನೂ ಹೇಳಲಿಲ್ಲ ಎಂದರು. ಮೂರು ತಿಂಗಳಿಂದ ಆ ಶಾಟ್ ಉಳಿಯುತ್ತದೋ ಕತ್ತರಿಸಿಬಿಡುತ್ತಾರೋ ಎಂದು ಒಳಗೊಳಗೇ ಕುದಿಯುತ್ತಿದ್ದರೆಂದು ಆಗ ಅರ್ಥವಾಯಿತು. ನಾಲ್ಕು ಫೋನು ಯಾಕೆ ಬಂತೆಂದೂ ಅರ್ಥವಾಯಿತು.

ಚಕ್ರವರ್ತಿಯ ಒಂದು ಹನಿ ಕಣ್ಣೀರು ಇನ್ನೂ ಕೆನ್ನೆ ಇಳಿಯುತ್ತಲೇ ಇತ್ತು. ಹೆಣದ ಕಾಲಿಗೆ ಎರಡು ಸೆಕೆಂಡು, ದೊರೆಯ ಪಶ್ಚಾತ್ತಾಪಕ್ಕೆ ಪೂರ್ತಿ ಎಪಿಸೋಡು. ಪಠ್ಯಪುಸ್ತಕದಲ್ಲಿ ನಾವು ಓದಿದ್ದಾದರೂ ಬೇರೆಯೇ? ದೊರೆ ಯುದ್ಧ ಬಿಟ್ಟದ್ದಕ್ಕೆ ಐದು ಅಂಕದ ಪ್ರಶ್ನೆ ಇತ್ತು. ಬಿದ್ದವರ ಬಗ್ಗೆ ಬಿಟ್ಟ ಸ್ಥಳ ತುಂಬಿರಿ ಕೂಡ ಇರಲಿಲ್ಲ.

ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸೋಫಾ ಮೇಲೆ ಗಂಡನ ಪಕ್ಕ ಕೂತು, "ಒನ್ಸ್ ಮೋರ್" ಎಂದರು.

ಎಪಿಸೋಡನ್ನು ಮೊಬೈಲಿನಲ್ಲಿ ಹುಡುಕಿ ಅದೇ ಜಾಗಕ್ಕೆ ತಂದು ಕೊಟ್ಟೆ. ನೋಡಿದರು. ಮತ್ತೆ ಹಾಕು ಎಂದರು. ನಾಲ್ಕನೇ ಸಲವೋ ಐದನೇ ಸಲವೋ, ಅವರ ಕಣ್ಣು ಹೆಬ್ಬೆರಳು ಬಿಟ್ಟು ಆಚೆಗೆ ಹೋಯಿತು. ಅಲ್ಲಿ ಬಿದ್ದಿದ್ದವರು ಯಾರೂ ಅಲ್ಲಾಡುತ್ತಿರಲಿಲ್ಲ.

"ಇವ್ರೆಲ್ಲಾ ಮನೆಗೆ ಓದ್ರಾ?" ಎಂದು ಕೇಳಿದರು.

"ಊಂ ಕಣೆ. ಮಗ್ದದೋರು ಕಳಿಂಗದೋರು ಎಲ್ಲಾ ಒಂದೇ ಬಸ್ನಲ್ಲಿ ಬಂದ್ವಿ" ಎಂದರು ಚಿಕ್ಕಪ್ಪ.

ಚಿಕ್ಕಮ್ಮನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಆ ಕಾಲದ ನಿಜವಾದ ಕಳಿಂಗದಿಂದ ಅಂಥ ಬಸ್ಸು ಬರಲೇ ಇಲ್ಲವಲ್ಲ, ಬಾಗಿಲಲ್ಲಿ ಕಾದು ನಿಂತವಳ ಬಗ್ಗೆ ದೊರೆ ಕೆತ್ತಿಸಿದ ಯಾವ ಕಲ್ಲಿನ ಮೇಲೆ ಬರೆದಿದೆ?