ತುಂಬೆ ಪಾತಿಯ ದೊಡ್ಡವ್ವ

ಮೊನ್ನೆ ಸೋಮವಾರ ಪೂಜೆಗೆಂದು ಹಿತ್ತಲ ಬೇಲಿಯಲ್ಲಿ ತುಂಬೆ ಹೂ ಬಿಡಿಸುವಾಗ ಬೆರಳಿಗೆ ಎಲೆಯ ಘಾಟು ಹತ್ತಿತು. ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಒಳ್ಳೆಯದೇ ಆಯಿತು. ಆ ದಿನವೆಲ್ಲ ಪಕ್ಕದ ಮನೆಯ ದೊಡ್ಡವ್ವ ಜೊತೆಯಲ್ಲೇ ಓಡಾಡಿದ ಹಾಗಿತ್ತು...

ನಮ್ಮೂರು ಹ್ಯಾಂಡ್‌ಪೋಸ್ಟ್ ಅನ್ನುವ ಕೂಡುರಸ್ತೆಯಿಂದ ಸ್ವಲ್ಪ ಒಳಗೆ. ಊರಾಚೆ, ನಮ್ಮ ಸೀಮೆಯ ಗಿಡಗಳನ್ನಷ್ಟೇ ಬೆಳೆಸುವ ಸಸ್ಯತೋಟ ಶುರುವಾದಾಗ ದೊಡ್ಡವ್ವ ಅಲ್ಲಿ ಕೆಲಸಕ್ಕೆ ಸೇರಿದಳು. ಗಂಡ ತೀರಿಕೊಂಡ ಮೇಲೆ ಮಂಕಾಗಿ ಮೂಲೆ ಹಿಡಿದಿದ್ದವಳು ಮತ್ತೆ ಎಲೆಅಡಿಕೆ ಹಾಕಿಕೊಂಡು ನಗುತ್ತಾ ಬೀದಿಗಿಳಿದದ್ದು ಆಮೇಲೆಯೇ. ಅದೂ ದೇವರ ದಯೆಯೇ ಅಂದುಕೊಂಡೆ. ನಾವು ಊರಿನ ಹೆಂಗಸರೂ ಬಿಡುವಾದಾಗ ಹೋಗಿ ಸಸಿಗಳಿಗೆ ಮಣ್ಣು ತುಂಬುತ್ತಿದ್ದೆವು. ಕೆಲಸಕ್ಕಿಂತ ಮಾತೇ ಜಾಸ್ತಿ ಬಿಡಿ.

ದೊಡ್ಡವ್ವ ಹೊಗೆಸೊಪ್ಪಿನ ಹೊಲದಲ್ಲಿ ಕಳೆ ಕಿತ್ತೇ ಬೆಳೆದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ, ದೊಡ್ಡ ಪಾತಿಯೊಂದನ್ನು ಅಂಗಳದ ಹಾಗೆ ನುಣ್ಣಗೆ ಮಾಡಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ತುಂಬೆ, ನೆಲನೆಲ್ಲಿ, ಉತ್ತರಾಣಿ ಎಲ್ಲ ಕಿತ್ತು ಪಕ್ಕಕ್ಕೆ ರಾಶಿ ಹಾಕಿದ್ದಳು. ತೋಟ ನೋಡಿಕೊಳ್ಳುವ ಮೇಡಂ ಬಂದವರು ತಲೆ ಮೇಲೆ ಕೈ ಇಟ್ಟುಕೊಂಡರು. ಅವರೇ ಬೀಜ ತಂದು ಬಿತ್ತಿ ಬೆಳೆಸಿದ್ದ ಗಿಡಗಳು ಅವು! ಮಾರನೇ ದಿನ ಶಾಲೆ ಮಕ್ಕಳು ನೋಡಲು ಬರುವವರಿದ್ದರು.

“ಕಳೆ ಅಂತ ಕಿತ್ತಾಕ್ದೆ ಕಣ್ರವ್ವ... ಇದ್ನೂ ಯಾರಾರ ಬಿತ್ತಾರಾ?” ಎಂದಳು ದೊಡ್ಡವ್ವ. ಮೇಡಂ ರಾಶಿಯಿಂದ ಒಂದು ತುಂಬೆ ಗಿಡ ಎತ್ತಿ ಬೇರು ನೋಡುವುದನ್ನು ಕಂಡು ಅವಳ ಮುಖ ಬಾಡಿತು. “ನಾಳಿಂದ ಬರ್ಬ್ಯಾಡ ಅಂದ್ಬುಡ್ತೀರಾ?”

ಇವಳು ಮತ್ತೆ ಆ ಕತ್ತಲೆ ಮೂಲೆಗೆ ಹೋಗಿ ಕೂತರೆ ಏನು ಗತಿ... ನಾನು ಮನಸ್ಸಿನಲ್ಲೇ ನಂಜುಂಡೇಶ್ವರನಿಗೆ ಕೈ ಮುಗಿದೆ.

ಅಷ್ಟರಲ್ಲಿ ನಮ್ಮ ಓರಗಿತ್ತಿ ಬಾಯಿ ಹಾಕಿದಳು: “ಪುಣ್ಯಕ್ಕೆ ಮೇಡಂ ಜಡೆ ಒಂದ್ ಕೀಳ್ದೆ ಉಳ್ಸಿದ್ದೀಯಲ್ಲ ದೊಡ್ಡವ್ವ!”

ಮೇಡಂಗೂ ನಗು ತಡೆಯಲಾಗಲಿಲ್ಲ. ದೊಡ್ಡವ್ವನಿಗೆ ಜೀವ ಬಂತು. “ಏಳ್ರಮ್ಮಿ, ಇವೆಲ್ಲ ನಮ್ ಒಲದ್ ಬದೀನಲ್ಲಿ ಬೇಕಾದಂಗವೆ!”

ಮಂಕರಿ ಬುಟ್ಟಿ ಹಿಡಿದು ಹೊಲದ ಬದುಗಳ ಮೇಲೆ ಅಲೆದೆವು. ಬೇರಿನ ಮಣ್ಣು ಉದುರದ ಹಾಗೆ ಗಿಡ ಎತ್ತಿ ತಂದು, ಸಂಜೆಯೊಳಗೆ ಪಾತಿ ತುಂಬಿಸಿದೆವು. ಗಿಡಗಳೇನೋ ತಲೆ ಬಗ್ಗಿಸಿಕೊಂಡೇ ನಿಂತಿದ್ದವು. ಮನೆಗೆ ಹೊರಡುವಾಗ ಮೇಡಂ ಹೇಳಿದರು, “ನಾಳೆ ಬೇಗ ಬನ್ನಿ ದೊಡ್ಡವ್ವ, ನೀರು ಹಾಕ್ಬೇಕು.”

ಅಂದಿನಿಂದ ಆ ಪಾತಿಗೆ ಅವಳೇ ಕಾವಲು. ಒಮ್ಮೆ ನಾನು ನಾಕು ಹೂವಿಗೆ ಕೈ ಚಾಚಿದೆ. “ಶಿವನ ಪೂಜೆಗೆ ಕಣವ್ವ” ಅಂದರೂ ಬಿಡಲಿಲ್ಲ.

“ಬೇಕಾದ್ರೆ ಶಿವ್ನೇ ಇಲ್ಗಂಟ ಬಂದು ಮುಡ್ಕಳ್ಳಿ. ತಗಿ ಕೈಯ!”

ಹೋದ ವರ್ಷ ದೊಡ್ಡವ್ವ ಹೋಗಿಬಿಟ್ಟಳು. ಹಾಸಿಗೆ ಹಿಡಿದು ನರಳಲಿಲ್ಲ, ಅಷ್ಟು ಕರುಣೆ ತೋರಿಸಿದ ದೇವರು. ಈಗಲೂ ನಾವು ತೋಟಕ್ಕೆ ಹೋಗುತ್ತೇವೆ, ಹರಟುತ್ತೇವೆ, ನಗುತ್ತೇವೆ. ಈ ಸಲ ಮಳೆ ನಿಂತ ಮೇಲೆ ಕಳೆ ಕೀಳಲು ಹೋದಾಗ ಮಾತ್ರ, ಆ ಪಾತಿಯ ಮುಂದೆ ಎಲ್ಲರೂ ನಿಂತುಬಿಟ್ಟೆವು. ಯಾರೂ ಮೊದಲು ಬಗ್ಗಲಿಲ್ಲ. ದೊಡ್ಡವ್ವನ ಬೈಗುಳಕ್ಕೆ ಕಾದ ಹಾಗೆ ಒಂದು ಗಳಿಗೆ ಕಾದೆವು...