ಬೋಗುಣಿಯ ಕೊಳೆನೀರು

ನನ್ನ ಗಂಡನಿಗೆ ಸಿಟ್ಟು ಬರುವುದಿಲ್ಲ. ಅವರ ಪಾಲಿನದನ್ನೂ ಸೇರಿಸಿ ನಾನೇ ಮಾಡಿಕೊಳ್ಳಬೇಕು. ಮದುವೆಯಾದಾಗಿನಿಂದ ನಮ್ಮ ಮನೆಯಲ್ಲಿ ಇದೇ ಏರ್ಪಾಡು.

ಅವರು ಪೇಂಟರು. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಗೋಡೆಯ ಮೇಲೆ ಸೋಪಿನ ಜಾಹೀರಾತು, ಏನು ಕೊಟ್ಟರೂ ಬರೆದವರು. ಬೀದಿಯವರು ‘ಆರ್ಟಿಸ್ಟು’ ಎಂದು ಕರೆಯುತ್ತಾರೆ, ಅರ್ಧ ಗೌರವಕ್ಕೆ, ಅರ್ಧ ಗೇಲಿಗೆ. ಯಾವ ಗೋಡೆಯೇ ಇರಲಿ, ಮೊದಲು ನಡುಮಧ್ಯೆ ಇದ್ದಿಲಿನಲ್ಲಿ ಪುಟ್ಟ ಶಿಲುಬೆ ಎಳೆದು, ಕಣ್ಣುಮುಚ್ಚಿ ನಿಂತು, ಆಮೇಲೆಯೇ ಬಣ್ಣ ಬಳಿಯುತ್ತಿದ್ದರು. ಬ್ರಾಂದಿ ಅಂಗಡಿಯ ಗೋಡೆಗೂ ಹಾಗೇ ಮಾಡಿದಾಗ ನಾನು ರೇಗಿದ್ದೆ.

“ರೀ, ಅದರಡೀಲೂ ದೇವರಾ?”

“ಅಲ್ಲಿಗೆ ಹೋಗೋರಿಗೇ ಜಾಸ್ತಿ ಬೇಕು ಕಣೇ,” ಎಂದು ನಕ್ಕಿದ್ದರು.

ಆಮೇಲೆ ಫ್ಲೆಕ್ಸ್ ಬಂತು, ಕೆಲಸ ಹೋಯಿತು. ಅದರ ಬೆನ್ನಿಗೇ ಬಲಗೈಗೆ ನಡುಕ ಹತ್ತಿತು. ಅಂಥ ಹೊತ್ತಿನಲ್ಲಿ ನಮ್ಮ ಚರ್ಚಿನ ಫಾದರ್ ಕರೆದು, ಬಲಿಪೀಠದ ಪಕ್ಕದ ಗೋಡೆಗೆ ಯೇಸುಸ್ವಾಮಿ ಶಿಷ್ಯರ ಪಾದ ತೊಳೆಯುವ ಚಿತ್ರ ಬರೆದುಕೊಡಿ ಎಂದರು. ಬದುಕಿಡೀ ಬೇರೆಯವರ ಸಾಮಾನು ಮಾರಿಸಿದ ಕೈಗೆ ಕೊನೆಗೊಮ್ಮೆ ತನ್ನ ದೇವರಿಗಾಗಿ ಬರೆಯುವ ಭಾಗ್ಯ. ಇನ್ನೊಂದು ಗೋಡೆ ಆ ಕೈಯಲ್ಲಿ ಆಗುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವಳು. ಒಂದು ಸಂಜೆ ಮನೆಗೆ ಬಂದು ಕಾಲು ತೊಳೆಯಲು ಹೊರಟರೆ ತಡೆದರು.

“ಹಾಗೇ ಕೂತ್ಕೊ. ಚಿತ್ರದಲ್ಲಿ ಶಿಷ್ಯ ಪೇತ್ರನಿಗೆ ಕಾಲು ಬೇಕು.”

“ನಿಮ್ಮ ಕಾಲಿಗೇನು ಬಂದಿದೆ ರೋಗ?”

“ನಂದು ಏಣಿ ಮೇಲೆ ನಿಂತ ಕಾಲು. ನೆಲದ ಮೇಲೆ ನಡೆದಿದ್ದು ನಿಂದು.”

ಹಿಮ್ಮಡಿಯ ಒಡಕು, ಒಡಕಿನಲ್ಲಿ ಕೂತ ಕೆಮ್ಮಣ್ಣು, ಇಟ್ಟಿಗೆ ಬಿದ್ದು ಸೊಟ್ಟಗಾದ ಹೆಬ್ಬೆರಳು, ಒಂದನ್ನೂ ಬಿಡದೆ ಹಾಳೆಯಲ್ಲಿ ಬರೆದುಕೊಂಡರು ಪುಣ್ಯಾತ್ಮ. ಗೋಡೆಯ ಮೇಲೂ ಎಲ್ಲವನ್ನೂ ಎಡಗೈಯಲ್ಲಿ ಬಲಗೈ ಹಿಡಿದುಕೊಂಡೇ ಬರೆದರು. ಯೇಸುಸ್ವಾಮಿ ಮಂಡಿಯೂರಿ ಪೇತ್ರನ ಕಾಲನ್ನು, ಅಂದರೆ ನನ್ನ ಕಾಲನ್ನು, ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಕೆಳಗಿನ ಬೋಗುಣಿಯಲ್ಲಿ ಕಂದು ಬಣ್ಣದ ನೀರು. ಮೊದಲ ಸಲ ನೋಡಿದಾಗ ಬಗ್ಗಿ ನನ್ನ ಹೆಬ್ಬೆರಳನ್ನೇ ಮುಟ್ಟಿ ನೋಡಿಕೊಂಡೆ.

ಚರ್ಚಿನ ಸಮಿತಿಗೆ ಟಿಂಬರ್ ಅಂಗಡಿಯ ಧಣಿಯೇ ಯಜಮಾನ. ಬಂದು ನೋಡಿದವನೇ ಮೂಗು ಮುರಿದ.

“ಏನಯ್ಯಾ ಇದು, ಪ್ರಭುಗಳ ಮುಂದೆ ಕೊಳೆನೀರು ಇಟ್ಟಿದ್ದೀಯ? ನಾಳೆ ಮದುವೆ ಫೋಟೋದಲ್ಲೆಲ್ಲ ಇದೇ ಬೀಳುತ್ತೆ.”

“ಕಾಲು ತೊಳೆದ ನೀರು ಮತ್ತೇನು ಹಾಲಾಗುತ್ತಾ?” ಎಂದು ನಾನು ಬಾಯಿ ಹಾಕಿದೆ.

“ಹೆಂಗಸರ ಹತ್ರ ನಂಗೆ ಮಾತಿಲ್ಲ. ನೀರು ತಿಳಿನೀಲಿ ಮಾಡು, ಕಾಲು ಬೆಳ್ಳಗೆ ಮಾಡು. ಆಗಲ್ಲ ಅಂದ್ರೆ ಸುಣ್ಣ ಹೊಡೆಸಿ ಫ್ಲೆಕ್ಸ್ ಹಾಕಿಸ್ತೀನಿ, ಅಷ್ಟೇ.”

ಮೈಯೆಲ್ಲ ಉರಿದುಹೋಯಿತು. ಫಾದರ್ ಚಿಕ್ಕ ವಯಸ್ಸಿನವರು, ಊರಿಗೆ ಹೊಸಬರು; ನೆಲ ನೋಡುತ್ತ ನಿಂತರು. ನನ್ನ ಗಂಡ ತಲೆಯಾಡಿಸಿ ಏಣಿ ಹತ್ತಿದರು. ನೀರಿಗೆ ನೀಲಿ ಬಳಿದರು. ಕಾಲಿಗೆ ಮಾತ್ರ ಕೈ ಹೋಗಲಿಲ್ಲ. ಈಸ್ಟರ್ ಹಬ್ಬ ಮುಗಿದ ಮೇಲೆ ಮಾಡಿಕೊಡ್ತೀನಿ ಅಂತ ಗೋಗರೆದು ಬಂದರು.

“ನನ್ನ ಕಾಲು ಅಷ್ಟು ಹೇಸಿಗೆನಾ ಅವನಿಗೆ? ನಿಮಗೆ ಬಾಯಿಲ್ವಾ?” ಎಂದು ಮನೆಯಲ್ಲಿ ಕೂಗಾಡಿದೆ.

“ಇಷ್ಟಾದ್ರೂ ಉಳಿದ್ರೆ ಸಾಕು ಕಣೇ,” ಎಂದರು. ಅವತ್ತು ಬ್ರಷ್ ತೊಳೆಯದೆ ಹಾಗೇ ಬಿಸಾಡಿ ಮಲಗಿದರು. ಜನ್ಮದಲ್ಲಿ ಅವರು ಹಾಗೆ ಮಾಡಿದವರಲ್ಲ.

ಪವಿತ್ರ ಗುರುವಾರ ಬಂತು. ಅಂದಿನ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ, ಯೇಸುಸ್ವಾಮಿ ತೊಳೆದ ಹಾಗೆ. ಆ ಹನ್ನೆರಡು ದೊಡ್ಡ ಮನುಷ್ಯರೋ, ಮನೆಯಲ್ಲೇ ಸೋಪು ಹಚ್ಚಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಬಳಿದು, ಹೊಸ ಸಾಕ್ಸ್ ಏರಿಸಿಕೊಂಡು ಬರುತ್ತಾರೆ. ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆಸಿಕೊಳ್ಳುತ್ತಾರೆ! ಪ್ರತಿ ವರ್ಷ ಇದನ್ನು ನೋಡಿ ನನಗೆ ನಗು ಬರುತ್ತಿತ್ತು. ಈ ಸಲ ಪಿತ್ತ ನೆತ್ತಿಗೇರಿತು.

ಭಟ್ಟಿಯಿಂದ ನೇರ ಬಂದಿದ್ದೆ. ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದೆ. ಹನ್ನೊಂದು ಜನರದು ಮುಗಿಯಿತು. ಕೊನೆಯ ಕುರ್ಚಿ ಧಣಿಯದು. ಅವನು ಎದ್ದುನಿಂತು, ಎಲ್ಲಿಂದ ತೆಗೆದರೆ ಚೆನ್ನಾಗಿ ಬರುತ್ತೆಂದು ಫೋಟೋಗ್ರಾಫರನಿಗೆ ತೋರಿಸುತ್ತಿದ್ದ. ನಾನು ಸೀದಾ ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟೆ.

“ಏಯ್, ಏಳು! ಇದೇನು ಅವತಾರ!” ಎಂದು ಧಣಿ ಹಲ್ಲು ಕಡಿದ.

“ತೊಳೀರಿ ಫಾದರ್,” ಎಂದೆ. “ಇಷ್ಟು ಜನದಲ್ಲಿ ತೊಳೆಯೋಕೆ ಏನಾದ್ರೂ ಇರೋ ಕಾಲು ಇದೊಂದೇ.”

ಫಾದರ್ ಧಣಿಯನ್ನು ನೋಡಿದರು. ಗೋಡೆ ನೋಡಿದರು. ಆಮೇಲೆ ಮಂಡಿಯೂರಿದರು. ಒಡಕಿನೊಳಗೆ ಹೆಬ್ಬೆರಳು ಆಡಿಸಿ ಆಡಿಸಿ ತೊಳೆದರು. ಗೆದ್ದೆನೆಂದು ಬೀಗಬೇಕೆಂದಿದ್ದೆ, ಅಳು ಬಂತು, ಅದಕ್ಕೂ ಸಿಟ್ಟು ಬಂತು. ಅಷ್ಟುಹೊತ್ತು ಪೌಡರ್ ತೇಲುತ್ತಿದ್ದ ಬೋಗುಣಿಯ ನೀರು ಕೆಂಪಗೆ ಕದಡಿಹೋಯಿತು.

ಹಿಂದಿನ ಬೆಂಚಿನಿಂದ ನನ್ನ ಗಂಡ ಎದ್ದು ಬಂದರು. ಬೋಗುಣಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

“ನಂದು ತಪ್ಪಾಗಿತ್ತು ಫಾದರ್,” ಎಂದರು.

ಅಯ್ಯೋ ದೇವರೇ, ಇಷ್ಟಾದ ಮೇಲೂ ಇವರೇ ಕ್ಷಮೆ ಕೇಳುತ್ತಾರಲ್ಲ! ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: “ನಾನು ಮೊದಲು ಬಳಿದ ನೀರಿಗೆ ಕೆಂಪು ಸಾಕಾಗಿರಲಿಲ್ಲ. ಏಣಿ ಒಳಗೇ ಇದೆ ತಾನೆ?”

ಧಣಿ ಏನೋ ಹೇಳಲು ಹೊರಟ. ಫಾದರ್ ನನ್ನ ಕಾಲನ್ನು ಟವೆಲಿನಲ್ಲಿ ಹಿಡಿದು ಇನ್ನೂ ಮಂಡಿಯ ಮೇಲೇ ಇದ್ದರು. ಅವನ ಕಡೆ ತಿರುಗಲೂ ಇಲ್ಲ.

“ಇದೆ,” ಎಂದರು. “ಈ ನೀರೂ ಇಲ್ಲೇ ಇರುತ್ತೆ. ನೀವು ಬಣ್ಣ ಕಲಸೋವರೆಗೂ ಚೆಲ್ಲಲ್ಲ.”