ದೊಡ್ಡಪ್ಪ ಹಿಡಿದುಕೊಟ್ಟ ಏಳನೆಯ ಬಲಿ

ನಮ್ಮ ದೊಡ್ಡಪ್ಪ ಸಿಮೋಸ್ ಒಂದು ಕಡೆ ನಿಂತವನಲ್ಲ. ಬಾರ್ಲಿ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮೇಕೆ ದೊಡ್ಡಿಗೆ ಹೊರಡುತ್ತಿದ್ದ. ಒಂದು ತುತ್ತು ಬಾಗಿಲಲ್ಲಿ, ಇನ್ನೊಂದು ಬೇಲಿಯ ಹತ್ತಿರ. ಮೈಮೇಲೆ ಇರುವೆ ಬಿಟ್ಟುಕೊಂಡಿದ್ದಾನೆ ಎಂದು ಊರಿನವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ನನಗೆ ಮೂರು ವರ್ಷವಿದ್ದಾಗ ಅಪ್ಪ ಸತ್ತ, ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಸಾಕಿದವನು ದೊಡ್ಡಪ್ಪನೇ ಆದ್ದರಿಂದ ಅವನನ್ನು ಆಡಿಕೊಳ್ಳುವ ಹಕ್ಕು ನನಗೆ ಎಲ್ಲರಿಗಿಂತ ಹೆಚ್ಚು ಎಂದುಕೊಂಡಿದ್ದೆ.

ನಾವು ಸ್ಪಾರ್ಟದವರ ಆಳುಗಳು. ಹೊಲ ಅವರದು, ಗೇಯುವುದು ನಾವು, ಅರ್ಧ ಬೆಳೆ ಅವರ ಕಣಜಕ್ಕೆ. ಅವರು ಯುದ್ಧಕ್ಕೆ ಹೊರಟರೆ ನಾವೂ ಹೊರಡಬೇಕು. ಪರ್ಷಿಯದವರು ಅಥೆನ್ಸನ್ನು ಸುಟ್ಟು ಪ್ಲಟೇಯದ ಹತ್ತಿರ ಬೀಡುಬಿಟ್ಟ ವರ್ಷ ಒಬ್ಬೊಬ್ಬ ಯಜಮಾನನ ಹಿಂದೆ ಏಳೇಳು ಆಳುಗಳು ನಡೆದರು. ನಮ್ಮಪ್ಪ ದಾಮಿಸ್ ಯಜಮಾನನ ಗುರಾಣಿ ಹೊತ್ತ. ದೊಡ್ಡಪ್ಪ ಬಲಿಯ ಮಂದೆ ಹೊಡೆದುಕೊಂಡು ಹೋದ. ನಮ್ಮ ಮನೆಯಿಂದ ಹೋದ ಇಬ್ಬರಲ್ಲಿ ದೊಡ್ಡಪ್ಪ ಮಾತ್ರ ಬಂದ. ಅಪ್ಪ ಓಡುತ್ತಿದ್ದಾಗ ಬಾಣ ತಾಗಿ ಸತ್ತ ಎಂದಷ್ಟೇ ಹೇಳಿದ. ಆಮೇಲೆ ಆ ಮಾತನ್ನೇ ಎತ್ತಲಿಲ್ಲ.

ನನ್ನ ಮದುವೆ ಗೊತ್ತಾದಾಗ ಆರ್ಟೆಮಿಸ್ ದೇವಿಗೆ ಒಂದು ಮರಿ ಒಪ್ಪಿಸಬೇಕಿತ್ತು. ದೊಡ್ಡಿಯಲ್ಲಿ ಮರಿಗಳಿಗೆ ಬರವಿರಲಿಲ್ಲ. ದೊಡ್ಡಪ್ಪ ಒಂದನ್ನು ಹಿಡಿದು ಬಾಯಿ ಬಿಡಿಸಿ, ನಾಲಿಗೆಯ ಮೇಲೆ ಮಚ್ಚೆ ಇದೆ ಎಂದು ಬಿಟ್ಟ. ಇನ್ನೊಂದರ ಗೊರಸು ಸರಿಯಿಲ್ಲ ಎಂದ. ಮೂರನೆಯದರ ಕಿವಿಗಳನ್ನು ಬೆಳಕಿಗೆ ಹಿಡಿದು ಹಿಡಿದು ನೋಡಿದ. ಹೀಗೇ ನಾಲ್ಕು ದಿನ. ನನ್ನ ತಲೆ ಚಿಟ್ಟು ಹಿಡಿದುಹೋಯಿತು. ಗಂಡು ನೋಡುವಾಗಲೂ ಇಷ್ಟು ಪರೀಕ್ಷೆ ಮಾಡಲಿಲ್ಲವಲ್ಲ, ನಿನಗೆ ನನ್ನ ಮದುವೆ ಆಗುವುದು ಬೇಕೋ ಬೇಡವೋ ಎಂದು ಕೂಗಾಡಿದೆ.

ಅವನ ಕೈಯಿಂದ ಮರಿ ಜಾರಿತು. "ಒಂದ್ಸಲ ಊನ ಇರೋದನ್ನ ಹಿಡ್ಕೊಟ್ಟಿದೀನಿ ಕಣವ್ವ" ಎಂದ. "ನಿಮ್ಮಪ್ಪ ಹೋಗಿದ್ದು ಅದ್ರಿಂದ್ಲೇ."

ಬೇಲಿಯ ಉದ್ದಕ್ಕೂ ಆಚೆ ಈಚೆ ನಡೆಯುತ್ತಲೇ ಎಲ್ಲ ಹೇಳಿದ. ಸ್ಪಾರ್ಟದವರು ಬಲಿ ಕೊಟ್ಟು, ಯಕೃತ್ತಿನಲ್ಲಿ ದೇವರ ಒಪ್ಪಿಗೆ ಕಾಣುವ ತನಕ ಈಟಿ ಎತ್ತುವವರಲ್ಲ. ಯುದ್ಧದ ಹಿಂದಿನ ರಾತ್ರಿ ಸೈನ್ಯ ಜಾಗ ಬದಲಿಸಿದಾಗ ಅರ್ಧಕ್ಕರ್ಧ ಮಂದೆ ಕತ್ತಲಲ್ಲಿ ಚೆದುರಿತ್ತು. ಬೆಳಗಾಗುವಾಗ ಉಳಿದದ್ದು ಆರು ಕುರಿ, ಅವುಗಳ ಮುಂದೆ ನಡೆಯುವ ಒಂದು ಮೇಕೆ. ದಾರಿ ತೋರಿಸುವ ಮೇಕೆಯನ್ನು ಯಾರೂ ಬಲಿಗೆ ಎಣಿಸುವುದಿಲ್ಲ. ಅದರ ಎಡಗಿವಿಯನ್ನಂತೂ ತೋಳ ಹರಿದುಹಾಕಿತ್ತು.

ಬಾಣಗಳು ಬೀಳತೊಡಗಿದವು. ಶಕುನ ನೋಡುವವನು ಮೊದಲ ಕುರಿ ಕೊಯ್ದು ಅಡ್ಡಡ್ಡ ತಲೆಯಾಡಿಸಿದ. ಎಲ್ಲರೂ ಕೂತಿರಬೇಕು ಎಂದು ಅಪ್ಪಣೆಯಾಯಿತು. ಎರಡನೆಯದು, ಮೂರನೆಯದು, ಊಹೂಂ. ಯಜಮಾನ ಗುರಾಣಿಯ ಹಿಂದೆ ಮುದುರಿ ಕೂತಿದ್ದ. ಅವನ ಬೆನ್ನಿಗೆ ಕೂತ ನಮ್ಮಪ್ಪನಿಗೆ ಇದ್ದದ್ದು ಹೆಗಲ ಮೇಲಿನ ಕಂಬಳಿ. ಅವನ ಅಕ್ಕಪಕ್ಕದ ಇಬ್ಬರು ಕೂತಲ್ಲೇ ಉರುಳಿದರು. ದೊಡ್ಡಪ್ಪ ಒಂದೊಂದು ಕುರಿ ಎಳೆದುಕೊಂಡು ಹೋಗುವಾಗಲೂ ತಮ್ಮನ ಕಡೆ ನೋಡುತ್ತಿದ್ದ. ಇದ್ದಾನಾ? ಇದ್ದಾನೆ. ಬೇಗ, ಬೇಗ. ಆರನೆಯದೂ ಕೆಟ್ಟಿತು.

ಅವನು ಮೇಕೆಗೆ ಹೂವಿನ ಮಾಲೆ ಹಾಕಿದ. ಹರಿದ ಕಿವಿ ಮುಚ್ಚುವ ಹಾಗೆ ಎಡಕ್ಕೆ ಇಳಿಬಿಟ್ಟ. ಬಲಿಗೆ ಊನವಿಲ್ಲ ಎಂದು ಮಂದೆಯವನು ದೇವರ ಮುಂದೆ ಬಾಯಿಬಿಟ್ಟು ಹೇಳಬೇಕು, ಅದು ಪದ್ಧತಿ. ಆಳಿನ ಮಾತಿಗೆ ಬೆಲೆ ಇರುವುದು ಅದೊಂದೇ ಕಡೆ. ಊನ ಇಲ್ಲ ತಾನೆ ಎಂದು ಕೇಳಿದರು.

"ಇಲ್ಲ ಬುದ್ಧಿ ಅಂದ್ಬಿಟ್ಟೆ" ಎಂದ ದೊಡ್ಡಪ್ಪ.

ಶಕುನ ಒಳ್ಳೆಯದಾಯಿತು. ಇಡೀ ಸೈನ್ಯ ಎದ್ದಿತು. ಕೂತು ಕೂತು ಬೇಸತ್ತ ಅಪ್ಪ ಕಂಬಳಿ ಎಸೆದು ಎಲ್ಲರಿಗಿಂತ ಮೊದಲು ಓಡಿದ. ನೂರು ಹೆಜ್ಜೆಯೂ ಆಗಿರಲಿಲ್ಲ.

ಆ ಯುದ್ಧ ಗೆದ್ದು ಗ್ರೀಕರೆಲ್ಲ ಸ್ವತಂತ್ರರಾದರಂತೆ. ಪ್ಲಟೇಯದಲ್ಲಿ ಅದಕ್ಕೊಂದು ಹಬ್ಬವೂ ಇದೆಯಂತೆ. ದೊಡ್ಡಪ್ಪ ಇದೇ ದೊಡ್ಡಿಗೆ ಮರಳಿ ಇದೇ ಯಜಮಾನನಿಗೆ ಅರ್ಧ ಬೆಳೆ ಅಳೆದ. ಆವತ್ತಿನಿಂದ ಆಲಿಕಲ್ಲು ಬಿದ್ದರೆ ಆ ಮೇಕೆ, ಮರಿ ಕುಂಟಿದರೆ ಆ ಮೇಕೆ. ನನಗೆ ಜ್ವರ ಬಂದಾಗಲೆಲ್ಲ ದೇವರು ಬಾಕಿ ವಸೂಲಿಗೆ ಬಂದನೆಂದೇ ಅವನು ನಂಬಿದ್ದ. ಈಗ ನನ್ನ ಮದುವೆ.

"ನಿಜ ಹೇಳಿದ್ರೆ ಏನಾಗ್ತಿತ್ತು?" ಎಂದೆ.

"ಬೇರೆ ಕುರಿ ಹುಡುಕ್ಕೊಂಡ್ ಬಾ ಅಂತಿದ್ರು. ಅಲ್ಲೀವರ್ಗೂ ಕೂತಿರ್ತಿದ್ರು. ನಿಮ್ಮಪ್ಪನೂ ಕೂತಿರ್ತಿದ್ದ."

"ಕೂತಲ್ಲೇ ಬಾಣ ಬೀಳ್ತಿತ್ತಲ್ಲ ದೊಡ್ಡಪ್ಪ."

"ಬೀಳದೇನೂ ಇರ್ಬಹುದಿತ್ತು. ಹದಿನಾಲ್ಕು ವರ್ಷದಿಂದ ಅದೊಂದೇ ಗೊತ್ತಾಗ್ತಿಲ್ಲ ನಂಗೆ."

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆ ಹರಕು ಮೇಕೆಯ ಮೇಲೆ, ಗುರಾಣಿಯ ಹಿಂದೆ ಕೂತಿದ್ದ ಯಜಮಾನನ ಮೇಲೆ, ಇವನ ಮೇಲೂ. ಅಪ್ಪ ಇದ್ದಿದ್ದರೆ ಎಂದು ಅದೇ ಮೊದಲ ಸಲ ಅನ್ನಿಸಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಅವನ ಹೆಜ್ಜೆ ಆಚೆ ಈಚೆ, ಆಚೆ ಈಚೆ. ಮಧ್ಯಾಹ್ನ ಕಳೆಯಿತು, ಬಿಸಿಲು ಇಳಿಯಿತು, ಹೆಜ್ಜೆ ನಿಲ್ಲಲಿಲ್ಲ.

ಕೊನೆಗೆ ಬಾಗಿಲಾಚೆಯಿಂದ ಕೇಳಿದ: "ನನ್ನ ಜಾಗದಲ್ಲಿ ನಿಮ್ಮಪ್ಪ ಇದ್ದು, ಅಲ್ಲಿ ನಾನು ಕೂತಿದ್ದಿದ್ರೆ, ಅವನೇನ್ ಮಾಡ್ತಿದ್ದ?"

ನಾನು ಬಾಗಿಲು ತೆಗೆದೆ. "ಎರಡು ಕಿವೀನೂ ಹರಿದಿದ್ರೂ ಹಿಡ್ಕೊಡ್ತಿದ್ದ" ಎಂದೆ. "ನಮ್ಮಪ್ಪನ ಗುಣ ನಂಗೆ ಗೊತ್ತಿಲ್ವಾ?"

ಅವನು ದೊಡ್ಡಿಗೆ ಹೋಗಿ, ಕೈಗೆ ಸಿಕ್ಕ ಮೊದಲ ಮರಿಯನ್ನು ನೋಡದೆಯೇ ಎತ್ತಿಕೊಂಡು ಬಂದ.

ನನಗೆ ಅಪ್ಪನ ಮುಖ ಕೂಡ ನೆನಪಿಲ್ಲ.